ನೆರೆ ಇಳಿದ ಮೇಲೆ ಹಾಸ್ಟೆಲ್‌ಗೆ: ಸೀಟು ಕೈಬಿಡದ ದಾರಿ

2019ರ ನಾಗರಪಂಚಮಿ ಬಂದದ್ದು ಆಗಸ್ಟ್ 5ಕ್ಕೆ. ಉಂಡಿ, ಜೋಕಾಲಿ, ತವರಿಗೆ ಬರುವ ಅಕ್ಕತಂಗಿಯರು ಎಂದು ನಮ್ಮ ಭಾಗದಲ್ಲಿ ಪಂಚಮಿಗೆ ಇರುವ ಸೆಳೆತ ದೊಡ್ಡದು, ಹಾಸ್ಟೆಲ್ ಹುಡುಗರೂ ಊರಿನ ಬಸ್ಸು ಹತ್ತುತ್ತಾರೆ. ಆ ವಾರವೇ ಮಲಪ್ರಭೆ ಉಕ್ಕಿತು. ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ, ಗಾಡಗೋಳಿ, ಹೊಳೆಮಣ್ಣೂರು ನೀರಿನಲ್ಲಿ ನಿಂತವು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಕೊಣ್ಣೂರಿನಲ್ಲಿ ಬಂದ್ ಆಯಿತು. ಅದಕ್ಕೆ ಹತ್ತು ವರ್ಷ ಹಿಂದೆ, 2009ರಲ್ಲಿ, ವಿಜಯದಶಮಿ ಸೆಪ್ಟೆಂಬರ್ 28ಕ್ಕಿತ್ತು. ಬನ್ನಿ ಮುಡಿದ ಮರುದಿನಗಳಲ್ಲೇ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ ಸುರಿಯಿತು. ಎರಡು ಸಲವೂ ಒಂದೇ ಕಥೆ: ಮಕ್ಕಳು ಊರಲ್ಲಿ, ಟ್ರಂಕು ಹಾಸ್ಟೆಲ್‌ನಲ್ಲಿ, ನಡುವಿನ ಸೇತುವೆ ನೀರಿನಡಿ.

ಹಾಗಾಗಿ ನಮ್ಮ ಗದಗ ಜಿಲ್ಲೆಯ ವಸತಿ ಶಾಲೆಯ ಮಕ್ಕಳಿಗೆ ಶೈಕ್ಷಣಿಕ ವರ್ಷ ಕೆಲವೊಮ್ಮೆ ಎರಡು ಸಲ ಶುರುವಾಗುತ್ತದೆ. ಮೊದಲನೆಯದು ಜೂನ್‌ನಲ್ಲಿ, ತೋರಣ ಕಟ್ಟಿ, ಪುಸ್ತಕ ಹಂಚಿ. ಎರಡನೆಯದು ನೀರು ಇಳಿದ ಮೇಲೆ, ಕೆಸರಿನ ಚಪ್ಪಲಿಯಲ್ಲಿ. ಮೊದಲನೆಯದಕ್ಕೆ ಸುತ್ತೋಲೆ ಇದೆ, ವೇಳಾಪಟ್ಟಿ ಇದೆ. ಎರಡನೆಯದಕ್ಕೆ ಪಾಲಕರೇ ದಾರಿ ಹುಡುಕಬೇಕು. ಈ ಲೇಖನ ಆ ಎರಡನೆಯ ಆರಂಭದ ಕುರಿತದ್ದು.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನೆರೆಯಲ್ಲಿ ಹೋದ ಮನೆಯನ್ನು ಮತ್ತೆ ಕಟ್ಟಬಹುದು, ಪುಸ್ತಕ ಮತ್ತೆ ಸಿಗುತ್ತವೆ, ಕಾಗದಪತ್ರಗಳಿಗೆ ನಕಲು ತೆಗೆಸಬಹುದು. ವಸತಿ ಶಾಲೆಯ ಸೀಟು ಒಮ್ಮೆ ಹೋದರೆ ಸುಲಭಕ್ಕೆ ಬರುವುದಿಲ್ಲ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಲ್ಲಿರುವ ಜವಾಹರ ನವೋದಯ ವಿದ್ಯಾಲಯಕ್ಕಾಗಲಿ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗಾಗಲಿ ಆರನೇ ತರಗತಿಯ ಪ್ರವೇಶ ಪರೀಕ್ಷೆ ಬರೆದೇ ಮಕ್ಕಳು ಬಂದಿರುತ್ತಾರೆ. ಹದಿನೈದು, ಹದಿನಾರರ ವಯಸ್ಸಿನಲ್ಲಿ ಮನೆ ಬಿಟ್ಟು ಪಿಯು ಅಥವಾ ಪಾಲಿಟೆಕ್ನಿಕ್ ಸೇರುವವರು ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ ಸೀಟು ಗಿಟ್ಟಿಸಿಕೊಂಡಿರುತ್ತಾರೆ. ಆದ್ದರಿಂದ ಮೊದಲ ವಾರದ ಎಲ್ಲ ಓಡಾಟದಲ್ಲಿ ಒಂದು ಓಡಾಟ ಸೀಟಿಗಾಗಿ ಇರಲಿ.

ನಾಲ್ಕು ಊರು, ಬೇರೆಬೇರೆ ಆಪತ್ತು

ಆಪತ್ತು ಎಲ್ಲ ಕಡೆ ಒಂದೇ ತೆರನಾಗಿ ಬರುವುದಿಲ್ಲ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಈ ಹೊಳೆಯ ನೀರು ಇಲ್ಲಿನ ಮಳೆಯದಲ್ಲ. ಶಿವಮೊಗ್ಗ, ಚಿಕ್ಕಮಗಳೂರಿನ ಘಟ್ಟದಲ್ಲಿ ಸುರಿದದ್ದು, ಮೇಲಿನ ಜಲಾಶಯಗಳಿಂದ ಬಿಟ್ಟದ್ದು, ಗಳಗನಾಥದ ಹತ್ತಿರ ವರದೆ ತಂದು ಸೇರಿಸಿದ್ದು. ಮುಂಡರಗಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹಮ್ಮಿಗಿ, ಸಿಂಗಟಾಲೂರು, ಕೊರ್ಲಹಳ್ಳಿಯ ಕಡೆ ಹೊಳೆ ಏರಬಹುದು. ಶಿರಹಟ್ಟಿ ಬದಿಯ ಹೊಳೆಇಟಗಿ, ತಂಗೋಡದಂಥ ಊರುಗಳಿಗೂ ಇದೇ ಮಾತು. ಹಾಗಾಗಿ ಆಕಾಶ ನೋಡಿ ಮಗುವನ್ನು ಕರೆತರುವ ನಿರ್ಧಾರ ಮಾಡಬೇಡಿ, ನದಿಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಕೇಳಿ ಮಾಡಿ. ಜಿಲ್ಲಾ ವಿಪತ್ತು ಸಹಾಯವಾಣಿ 1077.

2018ರಲ್ಲಿ ಹೊಸ ತಾಲ್ಲೂಕಾದ ಲಕ್ಷ್ಮೇಶ್ವರಕ್ಕೆ ಹೊಳೆಯ ಹೆದರಿಕೆಗಿಂತ ಬಿಡದೆ ಹಿಡಿಯುವ ಜಡಿಮಳೆಯ ಹೆದರಿಕೆ ಹೆಚ್ಚು. ಎರೆನೆಲ, ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮೂರು ದಿನ ನೆನೆದ ಗೋಡೆ ಮಳೆ ನಿಂತು ಬಿಸಿಲು ಬಿದ್ದ ಮೇಲೂ ಕುಸಿಯುತ್ತದೆ. ಟಿವಿಯವರ ಕ್ಯಾಮೆರಾ ಬರದ ಆಪತ್ತು ಇದು, ಪಂಚನಾಮೆಯಲ್ಲೂ ಕೈಬಿಟ್ಟುಹೋಗುವ ಆಪತ್ತು. ಇನ್ನು ಗದಗ-ಬೆಟಗೇರಿಯ ಹಾಸ್ಟೆಲ್‌ಗಳು ನದಿಯಿಂದ ದೂರ ಇವೆ ನಿಜ. ಆದರೆ ಅವಳಿನಗರದ ಕುಡಿಯುವ ನೀರು ತುಂಗಭದ್ರೆಯದೇ. ಹೊಳೆ ಕೆಂಪಾದರೆ ಅದರ ಪರಿಣಾಮ ನಲ್ಲಿಯವರೆಗೂ ಬರುತ್ತದೆ.

ಮೊದಲ ಕೆಲಸ: ಒಂದು ಹಾಳೆ, ಒಂದು ಸಹಿ

ಮೂರು ದಿನದೊಳಗೆ ಶಾಲೆಗೆ ಸುದ್ದಿ ಮುಟ್ಟಿಸಿ. ಫೋನಿನಲ್ಲಿ ಹೇಳಿದ್ದೇವಲ್ಲ ಎಂದು ಸುಮ್ಮನಾಗಬೇಡಿ. ವಾರ್ಡನ್ ಬದಲಾಗುತ್ತಾರೆ, ಪ್ರಾಚಾರ್ಯರು ವರ್ಗವಾಗುತ್ತಾರೆ, ಫೋನಿನ ಮಾತಿಗೆ ಕಡತದಲ್ಲಿ ಜಾಗವಿಲ್ಲ. ಪಿಯುಸಿಯಲ್ಲಿ ಪರೀಕ್ಷೆಗೆ ಕೂರಲು ಶೇ 75ರ ಹಾಜರಾತಿ ಬೇಕು, ಎಸ್ಸೆಸ್ಸೆಲ್ಸಿಗೂ ಅಷ್ಟೇ. ಫೆಬ್ರುವರಿಯಲ್ಲಿ ಹಾಜರಾತಿ ಲೆಕ್ಕ ತೆಗೆಯುವಾಗ ಆಗಸ್ಟ್‌ನ ನೆರೆ ಯಾರಿಗೂ ನೆನಪಿರುವುದಿಲ್ಲ. ಬಿಳಿ ಹಾಳೆಯ ಮೇಲೆ ಇಷ್ಟು ಬರೆದರೆ ಸಾಕು:

“ಮಾನ್ಯ ಪ್ರಾಚಾರ್ಯರಿಗೆ, ನನ್ನ ಮಗಳು ತಮ್ಮ ವಸತಿ ಕಾಲೇಜಿನಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಈ ತಿಂಗಳ ಇಂಥ ದಿನ ನಮ್ಮ ಊರಿಗೆ ಹೊಳೆಯ ನೀರು ಹೊಕ್ಕು ಮನೆ ಬಿದ್ದಿದೆ. ಸದ್ಯ ನಾವು ಇಂಥ ಶಾಲೆಯ ಕಾಳಜಿ ಕೇಂದ್ರದಲ್ಲಿದ್ದೇವೆ. ಮಗಳಿಗೆ ಇಂಥ ದಿನದವರೆಗೆ ಬರಲಾಗುವುದಿಲ್ಲ. ಆಕೆ ಓದು ಮುಂದುವರಿಸುತ್ತಾಳೆ, ಸೀಟು ಕಾಯ್ದಿರಿಸಲು ವಿನಂತಿ. ಕಳೆದುಹೋದ ದಾಖಲೆಗಳು ಇವು. ನಮ್ಮ ಈಗಿನ ಫೋನ್ ನಂಬರ್ ಇದು.”

ಹೆಸರು, ದಿನಾಂಕ, ಸಹಿ. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ದಾರಿ ಬಂದ್ ಆಗಿದ್ದರೆ ಇದೇ ಹಾಳೆಯ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ದಾರಿ ತೆರೆದ ಮೇಲೆ ಮೂಲ ಪ್ರತಿ ಕೊಡಿ. ಕಾಳಜಿ ಕೇಂದ್ರದಲ್ಲಿ ನಿಮ್ಮ ಹೆಸರು ಬರೆದುಕೊಂಡ ಅಧಿಕಾರಿಯ ಸಹಿ ಅದೇ ಹಾಳೆಯ ಕೆಳಗೆ ಬಿದ್ದರೆ ಇನ್ನೂ ಗಟ್ಟಿ. ಎಂಟನೇ ತರಗತಿಯೊಳಗಿನ ಮಕ್ಕಳಿಗೆ ಕಾನೂನಿನ ಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ಬರುವುದು ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಸರ್ಕಾರಿ ಶಾಲೆ ಆರರಿಂದ ಹದಿನಾಲ್ಕರ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಮನೆಯವರು ಬೇರೆ ಊರಿಗೆ ಹೋಗಬೇಕಾಗಿ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ. ಪಿಯು ಮಕ್ಕಳಿಗೆ ಈ ಆಸರೆ ಇಲ್ಲದ್ದರಿಂದಲೇ ಅವರ ವಿಷಯದಲ್ಲಿ ಅರ್ಜಿ, ಮೊಹರು ಎಂದು ಇಷ್ಟು ಒತ್ತಿ ಹೇಳುತ್ತಿರುವುದು.

ಒದ್ದೆ ಕಾಗದ, ಕಳೆದ ಕಾಗದ

ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ ಕಾಗದ ಪೂರ್ತಿ ಹೋಗುವುದು ಕಡಿಮೆ, ಕೆಸರು ಕುಡಿದು ಮುದ್ದೆಯಾಗುವುದೇ ಹೆಚ್ಚು. ಅವಸರದಲ್ಲಿ ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಅಗಲವಾದ ಪರಾತದಲ್ಲಿ ಶುದ್ಧ ನೀರು ಹಾಕಿ, ಕಾಗದವನ್ನು ಅದರಲ್ಲಿ ಮೆಲ್ಲಗೆ ಆಡಿಸಿ ಕೆಸರು ಬಿಡಿಸಿ, ಉಜ್ಜಬೇಡಿ. ಶಾಯಿಯಲ್ಲಿ ಕೈಬರಹ ಇರುವ ಕಾಗದವನ್ನು ಮಾತ್ರ ನೀರಿಗೆ ಹಾಕಬೇಡಿ. ಆಮೇಲೆ ಹಳೆಯ ಪತ್ರಿಕೆ ಅಥವಾ ಬಿಳಿ ಪಂಚೆಯ ಮೇಲೆ ಹಾಸಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ. ಬಿಸಿಲಿಗಿಟ್ಟರೆ ಸುರುಟುತ್ತದೆ, ಇಸ್ತ್ರಿ ಪೆಟ್ಟಿಗೆ ಇಟ್ಟರೆ ಮುದ್ರೆಯ ಶಾಯಿ ಹರಡುತ್ತದೆ. ಒಣಗುವ ಮೊದಲು ಲ್ಯಾಮಿನೇಶನ್ ಮಾಡಿಸಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ನೋಟ್‌ಬುಕ್ಕಾದರೆ ಹತ್ತು ಹಾಳೆಗೊಂದು ಪತ್ರಿಕೆಯ ತುಂಡು ಇಟ್ಟು, ನಿಲ್ಲಿಸಿ ಒಣಗಿಸಬೇಕು.

ಪೂರ್ತಿ ಹೋದವುಗಳಲ್ಲಿ ಹೆಚ್ಚಿನವನ್ನು ಮೊಬೈಲಿನಿಂದಲೇ ಮರಳಿ ಪಡೆಯಬಹುದು. ಆಧಾರ್ ಸಂಖ್ಯೆ ಗೊತ್ತಿದ್ದು, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿದ್ದರೆ ಇ-ಆಧಾರ್ ಸಿಗುತ್ತದೆ. ಫೋನ್ ನೀರುಪಾಲಾಗಿದ್ದರೆ ಮೊದಲು ಅದೇ ನಂಬರಿನ ಸಿಮ್ ಮರಳಿ ಪಡೆಯಿರಿ. ಉಳಿದ ಬೀಗಗಳಿಗೆಲ್ಲ ಅದೇ ಕೀಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ದೊರೆಯುತ್ತದೆ, ಅದರ ಮೂಲಕ ಬಂದ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯ ಮಾನ್ಯತೆಯೇ ಇದೆ. ಕಾಗದದ ಅಂಕಪಟ್ಟಿಯೇ ಬೇಕೆಂದರೆ ಓದಿದ ಪ್ರೌಢಶಾಲೆಯ ಮುಖ್ಯಶಿಕ್ಷಕರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಅರ್ಜಿ ಹಾಕಬೇಕು, ಇದಕ್ಕೆ ಸಮಯ ಹಿಡಿಯುತ್ತದೆ. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಗೆ ಹೊಸ ಅರ್ಜಿ ಹಾಕುವ ಮೊದಲು ಹಳೆಯ ಪತ್ರದ ಆರ್‌ಡಿ ಸಂಖ್ಯೆಯನ್ನು ಹುಡುಕಿ. ಹಾಸ್ಟೆಲ್ ಅರ್ಜಿಯ ಝೆರಾಕ್ಸ್‌ನಲ್ಲಿ, ಹಿಂದಿನ ವರ್ಷದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅದು ಇದ್ದೇ ಇರುತ್ತದೆ. ಸಂಖ್ಯೆ ಇದ್ದರೆ ಅದೇ ಪತ್ರವನ್ನು ಮತ್ತೆ ಮುದ್ರಿಸಿಕೊಳ್ಳಬಹುದು. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ, ಅದು ಮುಗಿದಿದ್ದರೆ ಮಾತ್ರ ಹೊಸದು.

ಮಗುವಿನ ಶಾಲಾ ದಾಖಲೆಗೆ ಎಸ್‌ಎಟಿಎಸ್ ಸಂಖ್ಯೆ ಇದೆ. ಹಿಂದೆ ಓದಿದ ಶಾಲೆಯ ಹಾಜರಿ ಪುಸ್ತಕ ನೀರಿನಲ್ಲಿ ಹೋಗಿದ್ದರೂ ಆ ಸಂಖ್ಯೆಯಿಂದ ಮಗುವಿನ ವಿವರ ಸಿಗುತ್ತದೆ. ಇದನ್ನು ಪಾಲಕರಲ್ಲಿ ಬಹಳ ಜನ ಬರೆದಿಟ್ಟುಕೊಳ್ಳುವುದೇ ಇಲ್ಲ. ಇವತ್ತೇ ಗೋಡೆಯ ಮೇಲೆ ಬರೆಯಿರಿ ಎನ್ನೋಣವೆಂದರೆ, ಗೋಡೆಯೇ ಬೀಳುವ ಮಾತಾಡುತ್ತಿದ್ದೇವೆ. ಫೋನಿನಲ್ಲಿ ಬರೆದು ಊರಾಚೆಯ ನೆಂಟರೊಬ್ಬರಿಗೂ ಕಳಿಸಿಡಿ.

ಮನೆ ಪಂಚನಾಮೆ ಆಗುವಾಗ ತಲಾಟಿಗೆ ಹಾನಿಯ ಪಟ್ಟಿ ಹೇಳುವವರು ದನ, ಕಾಳು, ಪಾತ್ರೆ ಹೇಳಿ ಮಗುವಿನ ಪುಸ್ತಕ, ದಾಖಲೆ ಮರೆಯುತ್ತಾರೆ. ಅವನ್ನೂ ಬರೆಸಿ. ಪರಿಹಾರದ ಮೊತ್ತ ಅದರಿಂದ ಹೆಚ್ಚದಿರಬಹುದು, ಆದರೆ ನಕಲು ಪ್ರತಿ ಕೇಳುವಾಗ ಆ ಪಂಚನಾಮೆಯೇ ಸಾಕ್ಷಿ. ಇನ್ನೊಂದು ತೊಡಕು ವಿಳಾಸದ್ದು. 2009ರ ನೆರೆಯ ನಂತರ ಸಂತ್ರಸ್ತರಿಗೆ ಮನೆ ಕಟ್ಟಿಕೊಡುವ ಆಸರೆ ಯೋಜನೆಯಲ್ಲಿ ನವಗ್ರಾಮಗಳು ಎದ್ದವು. ಎಷ್ಟೋ ಕುಟುಂಬಗಳ ರೇಶನ್ ಕಾರ್ಡ್ ಹಳೆಯ ಊರಿನದು, ವಾಸ ಹೊಸ ಊರಿನಲ್ಲಿ. ಹಾಸ್ಟೆಲ್ ಅರ್ಜಿಯಲ್ಲಿ ಒಂದು, ಆದಾಯ ಪತ್ರದಲ್ಲಿ ಇನ್ನೊಂದು ವಿಳಾಸ ಬಂದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಎಲ್ಲದರಲ್ಲೂ ಒಂದೇ ವಿಳಾಸ ಕೊಡಿ.

“ಈ ವರ್ಷ ಬ್ಯಾಡ ಬಿಡ್ರಿ”

ಕಾಳಜಿ ಕೇಂದ್ರದ ಮೂಲೆಯಲ್ಲಿ ಹುಟ್ಟುವ ಈ ಮಾತು ನೆರೆಗಿಂತ ಹೆಚ್ಚು ಮಕ್ಕಳ ಓದನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮನೆ ಕಟ್ಟಬೇಕು, ಹೊಲದ ಹೂಳು ತೆಗೆಯಬೇಕು, ಅಪ್ಪನಿಗೆ ಕೈಯಾಳು ಬೇಕು. ಹದಿನಾರರ ಹುಡುಗ ಎದುರಿಗೇ ನಿಂತಿದ್ದಾನೆ. ಹುಡುಗಿಯಾದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲಿ, ಅವ್ವ ಕೂಲಿಗೆ ಹೋಗಲಿ ಎಂಬ ಲೆಕ್ಕ. ಹತ್ತು ದಿನಕ್ಕೆಂದು ನಿಂತ ಮಗು ಹಬ್ಬದವರೆಗೆ ನಿಲ್ಲುತ್ತದೆ, ಆಮೇಲೆ ತರಗತಿಯಲ್ಲಿ ಏನೂ ತಿಳಿಯದೆ ತಾನೇ “ನಾ ಒಲ್ಲೆ” ಅನ್ನುತ್ತದೆ. ಕೈಯಾಳು ಬೇಕೇ ಬೇಕೆಂದರೆ ಶನಿವಾರ, ಭಾನುವಾರಕ್ಕೆ ಕರೆಸಿಕೊಳ್ಳಿ, ವಾರ್ಡನ್‌ಗೆ ಮೊದಲೇ ಹೇಳಿ. ಸೋಮವಾರದ ಬಸ್ಸು ಮಾತ್ರ ತಪ್ಪಕೂಡದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ಮನೆ ಹೋದ ವರ್ಷ, ಸಾಲ ಮಾಡುವ ಮೊದಲೇ ಒಂದು ಜವಾಬ್ದಾರಿ ಕಳೆದುಕೊಳ್ಳೋಣ ಎಂದು ಮದುವೆಯ ಮಾತು ಬರುತ್ತದೆ. ಹದಿನೆಂಟು ತುಂಬದವಳ ಮದುವೆ ಕರ್ನಾಟಕದಲ್ಲಿ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಅದು ನಡೆದೇ ಇಲ್ಲ. ಅಂಥ ಸುಳಿವು ಸಿಕ್ಕ ಗೆಳತಿಯಾಗಲಿ, ಶಿಕ್ಷಕಿಯಾಗಲಿ, ಸ್ವತಃ ಹುಡುಗಿಯಾಗಲಿ 1098ಕ್ಕೆ ಕರೆ ಮಾಡಬಹುದು. ದಿನದ ಯಾವ ಹೊತ್ತಿನಲ್ಲೂ ಎತ್ತುತ್ತಾರೆ.

ಹಾಸ್ಟೆಲ್ ತೆರೆದಿದೆ, ಆದರೆ ಸಿದ್ಧವಾಗಿದೆಯೇ?

ನೆರೆ ಬಂದಾಗ ಶಾಲೆಗಳೇ ಕಾಳಜಿ ಕೇಂದ್ರಗಳಾಗುತ್ತವೆ. ನೂರಾರು ಜನ ವಾರಗಟ್ಟಲೆ ಇದ್ದು ಹೋದ ಕಟ್ಟಡದಲ್ಲಿ ಮರುದಿನವೇ ಮಕ್ಕಳನ್ನು ಕೂಡಿಸುವುದು ಸರಿಯಲ್ಲ. ಟ್ರಂಕು ಇಳಿಸುವ ಮುನ್ನ ಪಾಲಕರು ನೋಡಬೇಕಾದ ಮೊದಲ ಜಾಗ ನೀರಿನ ಟಾಕಿ. ಮುಚ್ಚಳ ತೆಗೆಸಿ ನೋಡುವುದಕ್ಕೆ ಸಂಕೋಚ ಬೇಡ. ಟಾಕಿ ಖಾಲಿ ಮಾಡಿ, ಗೋಡೆ ಉಜ್ಜಿ ತೊಳೆದಿರಬೇಕು. ನೀರು ರಾಡಿಯಿದ್ದರೆ ಆಲಂ ಹಾಕಿ ತಿಳಿಯಾಗಿಸದೆ ಬ್ಲೀಚಿಂಗ್ ಪೌಡರ್ ಸುರಿದು ಉಪಯೋಗವಿಲ್ಲ, ಕ್ಲೋರಿನ್ನಿನ ಶಕ್ತಿಯೆಲ್ಲ ರಾಡಿಗೇ ಖರ್ಚಾಗುತ್ತದೆ. ತಿಳಿನೀರಿಗೆ ಲೆಕ್ಕ ಸುಲಭ: ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಹತ್ತು ಸಾವಿರ ಲೀಟರಿನ ಟಾಕಿಗೆ 25 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟಾಕಿಗೆ ಹಾಕಿ ಒಂದು ತಾಸು ಬಿಡಬೇಕು. ಆಮೇಲೆ ನಲ್ಲಿಯ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಇದನ್ನು ಪರೀಕ್ಷಿಸುವ ಪುಟ್ಟ ಕಿಟ್ ಆರೋಗ್ಯ ಸಿಬ್ಬಂದಿಯ ಹತ್ತಿರ ಇರುತ್ತದೆ. ಡಬ್ಬಿ ತೆರೆದಿಟ್ಟು ತಿಂಗಳುಗಟ್ಟಲೆ ಆದ ಪೌಡರ್ ಬರೀ ಸುಣ್ಣ ಎಂಬುದನ್ನು ಅಡುಗೆಯವರಿಗೆ ಯಾರಾದರೂ ಹೇಳಿರಬೇಕು. ಅಷ್ಟಾದರೂ ಮೊದಲ ತಿಂಗಳು ಕುಡಿಯುವ ನೀರನ್ನು ಕುದಿಸಿಯೇ ಕೊಡಲಿ.

ಗೋಡೆ ನೆನೆದಿದ್ದರೆ ವೈರಿಂಗ್ ನೋಡಿಸದೆ ಮೇನ್ ಸ್ವಿಚ್ ಹಾಕಬಾರದು. ಕಂಬ ವಾಲಿದ್ದರೆ, ತಂತಿ ಜೋತಿದ್ದರೆ ಹೆಸ್ಕಾಂನ 1912ಕ್ಕೆ ತಿಳಿಸಿ. ಸ್ನಾನದ ಮನೆಯ ನೀರು ಕಾಯಿಸುವ ಕಾಯಿಲ್ ಬಗ್ಗೆ ಬೇರೆಯಾಗಿಯೇ ಕೇಳಿ. ಶೌಚಾಲಯದ ಗುಂಡಿ ತುಂಬಿದ್ದರೆ ಖಾಲಿ ಮಾಡಿಸಿರಬೇಕು. ಅಡುಗೆಮನೆಯ ಗೋದಾಮಿನಲ್ಲಿ ನೆನೆದ ಅಕ್ಕಿ, ಬೇಳೆಯನ್ನು ಒಣಗಿಸಿ ಬಳಸುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇಷ್ಟು ಕೇಳಿದರೆ “ಏನ್ ಇನ್‌ಸ್ಪೆಕ್ಷನ್ ಮಾಡಾಕ್ ಬಂದೀರೇನ್ರಿ?” ಎಂದು ಯಾರಾದರೂ ಅನ್ನಬಹುದು. ನಗುತ್ತಲೇ ಹೌದು ಅನ್ನಿ.

ಟ್ರಂಕಿನಲ್ಲಿ ಏನಿರಲಿ ಎಂಬುದಕ್ಕೆ ಉದ್ದದ ಪಟ್ಟಿ ಬೇಡ. ಒಣಗಿದ ಎರಡು ಜೊತೆ ಬಟ್ಟೆ, ಸ್ವಂತದ ಕೌದಿ, ಸ್ವಂತದ ಟವೆಲ್, ಬ್ಯಾಟರಿ, ನೀರಿನ ಬಾಟಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸದ ಅವ್ವ ನಮ್ಮಲ್ಲಿಲ್ಲ, ಕಳಿಸಲಿ. ಸ್ವಂತದ ಕೌದಿ, ಟವೆಲ್ ಎಂದದ್ದಕ್ಕೆ ಕಾರಣವಿದೆ. ಕಾಳಜಿ ಕೇಂದ್ರದ ಇಕ್ಕಟ್ಟಿನಿಂದ ಬಂದ ಮಕ್ಕಳ ಜೊತೆ ತುರಿಕಜ್ಜಿಯೂ ಹಾಸ್ಟೆಲ್‌ಗೆ ಬರುತ್ತದೆ. ಬೆರಳಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಸೊಂಟದಲ್ಲಿ ರಾತ್ರಿ ಹೊತ್ತು ಹೆಚ್ಚುವ ತುರಿಕೆ ಅದರ ಗುರುತು. ಒಬ್ಬನಿಗೆ ಮುಲಾಮು ಹಚ್ಚಿದರೆ ಹೋಗುವುದಿಲ್ಲ. ಆ ಕೋಣೆಯ ಎಲ್ಲರಿಗೂ ಒಂದೇ ದಿನ ವೈದ್ಯರು ಹೇಳಿದ ಮುಲಾಮು, ಅದೇ ದಿನ ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ಹತ್ತನೇ ವಯಸ್ಸಿಗೊಮ್ಮೆ, ಹದಿನಾರಕ್ಕೊಮ್ಮೆ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದಿದೆ. ಹದಿನಾರು ಅಂದರೆ ಸರಿಯಾಗಿ ಪ್ರಥಮ ಪಿಯುಸಿ. ಕೆಸರಿನಲ್ಲಿ ಮೊಳೆ ತುಳಿದು ಬಂದ ಹುಡುಗನಿಗೆ ಅದು ಆಗಿದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ನೀರಿನಲ್ಲಿ ಓಡಾಡಿದವರಿಗೆ ಆಮೇಲಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ “ನೆರೆ ನೀರಿನಲ್ಲಿ ನಡೆದಿದ್ದ” ಎಂದು ವೈದ್ಯರಿಗೆ ತಪ್ಪದೆ ಹೇಳಿ. ಇಲಿಜ್ವರವೋ ಡೆಂಗಿಯೋ ತಿಳಿಯಲು ಅವರಿಗೆ ಈ ಒಂದು ಮಾತು ಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟುಕೊಂಡು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಮನೆಯ ಸುದ್ದಿ ಹೇಳಬೇಕೆ?

ಓದುವ ಹುಡುಗನಿಗೆ ಮನೆಯ ಕಷ್ಟ ಗೊತ್ತಾಗಬಾರದೆಂದು ನಮ್ಮವರು ಮುಚ್ಚಿಡುತ್ತಾರೆ. “ಏನೂ ಆಗಿಲ್ಲಪ್ಪಾ, ನೀ ಓದ್ಕೋ” ಎಂದು ಅಪ್ಪ ಹೇಳುವ ಹೊತ್ತಿಗೆ ಬಿದ್ದ ಮನೆಯ ವಿಡಿಯೊ ಊರಿನ ಗ್ರೂಪಿನಿಂದ ಗೆಳೆಯನ ಫೋನಿಗೆ ಬಂದು ಮಗ ನೋಡಿಯಾಗಿರುತ್ತದೆ. ಆಮೇಲೆ ಅಪ್ಪನ ಯಾವ ಮಾತನ್ನೂ ಅವನು ನಂಬುವುದಿಲ್ಲ. ನಿಜ ಹೇಳಿ. ಏನು ಹೋಯಿತು, ಏನು ಉಳಿಯಿತು, ಈಗ ಎಲ್ಲಿ ಮಲಗುತ್ತಿದ್ದೇವೆ, ದನ ಯಾರ ಮನೆಯ ಹಿತ್ತಿಲಲ್ಲಿವೆ, ಪರಿಹಾರಕ್ಕೆ ಹೆಸರು ಬರೆಸಿದ್ದೇವೋ ಇಲ್ಲವೋ. ಗೊತ್ತಿರುವ ಕಷ್ಟವನ್ನು ಹದಿನಾರರ ಮಗು ಹೊರಬಲ್ಲದು, ಊಹಿಸಿಕೊಂಡದ್ದು ಮಾತ್ರ ರಾತ್ರಿಯೆಲ್ಲ ನಿದ್ದೆಗೆಡಿಸುತ್ತದೆ.

ಮಾತಿಗೆ ಹೊತ್ತು ಗೊತ್ತುಮಾಡಿ. ಮೊಬೈಲ್ ಇಟ್ಟುಕೊಳ್ಳಲು ಬಿಡದ ವಸತಿ ಶಾಲೆಯಾದರೆ ವಾರ್ಡನ್ ಫೋನಿನಲ್ಲಿ ವಾರಕ್ಕೆರಡು ಸಲ, ಅದೇ ದಿನಗಳಂದು, ಅದೇ ತಾಸಿಗೆ. ನೆಟ್‌ವರ್ಕ್ ಇಲ್ಲದೆ ಒಮ್ಮೆ ತಪ್ಪಿದರೂ ಮಗು ಏನೇನೋ ಯೋಚಿಸುವುದರಿಂದ, ತಪ್ಪಿದರೆ ಯಾರಿಗೆ ಕರೆ ಮಾಡಬೇಕೆಂಬುದನ್ನೂ ಮೊದಲೇ ಹೇಳಿಡಿ. ಭೇಟಿಗೆ ಖರ್ಚಿನ ನೆಪ ಈಗ ಅರ್ಧ ಕಡಿಮೆಯಾಗಿದೆ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ. ಅವ್ವನೋ ಅಜ್ಜಿಯೋ ಗುರುತಿನ ಚೀಟಿ ಹಿಡಿದು ಬಂದು ಹೋಗಲಿ.

ಶಿಕ್ಷಕರಿಗೊಂದು ಮಾತು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ “ನೆರೆ ಸಂತ್ರಸ್ತ ಮಕ್ಕಳು ಕೈ ಎತ್ತಿ” ಅನ್ನಬೇಡಿ. ದಾನಿಗಳು ಬ್ಯಾಗ್ ಕೊಡುವಾಗ ಫೋಟೊಕ್ಕೆ ನಿಲ್ಲಿಸುವುದೂ ಬೇಡ. ಅಂದು ರಾತ್ರಿ ಏನಾಯಿತೆಂದು ಕೆದಕಿ ಕೇಳಬೇಡಿ, ಮಗು ತಾನಾಗಿ ಹೇಳಿದರೆ ಕೂತು ಕೇಳಿ. ಮಳೆ ಜೋರಾದಾಗ ಬೆಚ್ಚುವುದು, ಊಟ ಬಿಡುವುದು, ಸಣ್ಣ ಮಾತಿಗೆ ಸಿಟ್ಟಾಗುವುದು ಮೊದಲ ಕೆಲವು ವಾರ ಸಹಜ. ತಿಂಗಳು ದಾಟಿದರೂ ಹಾಗೇ ಇದ್ದರೆ, ಸಾಯುವ ಮಾತು ಬಂದರಂತೂ ಅದೇ ಕ್ಷಣ, ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಉಚಿತ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕೇರಳದವರಿಂದ ಒಂದು ವಿಷಯ ಕಲಿಯಬಹುದು. 2024ರ ಜುಲೈ 30ರ ವಯನಾಡು ಭೂಕುಸಿತದಲ್ಲಿ ವೆಳ್ಳಾರ್‌ಮಲ, ಮುಂಡಕ್ಕೈ ಶಾಲೆಗಳು ನೆಲೆ ಕಳೆದುಕೊಂಡವು. ಸೆಪ್ಟೆಂಬರ್ 2ರಂದು ಆ ಮಕ್ಕಳಿಗೆ ಮೇಪ್ಪಾಡಿಯಲ್ಲಿ ತರಗತಿ ಶುರುಮಾಡಿದಾಗ, ಜೂನ್‌ನಲ್ಲಿ ಮಾಡುವ ಪ್ರವೇಶೋತ್ಸವವನ್ನು ಮತ್ತೊಮ್ಮೆ ಮಾಡಿದರು. ನಮ್ಮ ಶಾಲೆಗಳಲ್ಲೂ ಜೂನ್‌ಗೆ ಪ್ರಾರಂಭೋತ್ಸವ ಇದೆ. ನೆರೆಯ ನಂತರ ಅದನ್ನು ಎರಡನೇ ಸಲ ಮಾಡಲು ಖರ್ಚೇನೂ ಇಲ್ಲ, ಮಾವಿನ ಎಲೆ ಮತ್ತು ಒಂದು ಹೊತ್ತಿನ ಸಿಹಿಯೂಟ ಸಾಕು.

ಬಿಟ್ಟುಹೋದ ಪಾಠ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ವಿಜ್ಞಾನಕ್ಕೆ ಬಂದವರಿಗೆ ಜೂನ್, ಜುಲೈ ಹೋಗುವುದೇ ಇಂಗ್ಲಿಷಿಗೆ ಒಗ್ಗಿಕೊಳ್ಳುವುದರಲ್ಲಿ. ಆಗಸ್ಟ್‌ನಲ್ಲಿ ಮೂರು ವಾರ ತಪ್ಪಿದರೆ ಮೊದಲಿಂದ ಶುರುಮಾಡಿದ ಹಾಗೆ. ಇಂಥವರು ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬಾರದು. ಗಣಿತ ಮೊದಲು, ಏಕೆಂದರೆ ಅದರ ಒಂದು ಅಧ್ಯಾಯ ಬಿಟ್ಟರೆ ಭೌತವಿಜ್ಞಾನವೂ ನಿಲ್ಲುತ್ತದೆ. ಆಮೇಲೆ ರಸಾಯನದ ಮೋಲ್ ಲೆಕ್ಕ. ಜೀವವಿಜ್ಞಾನದ ಅಧ್ಯಾಯಗಳು ಹೆಚ್ಚಾಗಿ ಬಿಡಿಬಿಡಿ, ದಸರಾ ರಜೆಯಲ್ಲಿ ಓದಿಕೊಳ್ಳಬಹುದು. ಪುಸ್ತಕ ಹೋಗಿದ್ದರೆ ಎನ್‌ಸಿಇಆರ್‌ಟಿ ಪುಸ್ತಕಗಳೂ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತ. ಹೋದ ವರ್ಷದ ಸೀನಿಯರ್‌ನ ಹಳೆಯ ಪುಸ್ತಕ ಅದಕ್ಕಿಂತ ಒಳ್ಳೆಯದು, ಅದರಲ್ಲಿ ಪೆನ್ಸಿಲ್ ಗುರುತುಗಳಿರುತ್ತವೆ. ಪ್ರಯೋಗದ ರೆಕಾರ್ಡ್ ಬುಕ್ ನೆನೆದಿದ್ದರೆ ಉಪನ್ಯಾಸಕರಿಗೆ ಈಗಲೇ ತೋರಿಸಿ ಸ್ವಲ್ಪಸ್ವಲ್ಪ ಬರೆಯಿರಿ, ಜನವರಿಗೆ ಇಡಬೇಡಿ.

ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಇಳಿಯುತ್ತವೆ. ಅದಕ್ಕೆ ಎದೆಗುಂದಬೇಕಿಲ್ಲ. 2005ರ ಕತ್ರಿನಾ ಚಂಡಮಾರುತದಿಂದ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮಕ್ಕಳು ಬೇರೆಬೇರೆ ಊರಿನ ಶಾಲೆಗಳಿಗೆ ಚದುರಿಹೋದರು. ಅವರ ಅಂಕಗಳನ್ನು ಅಧ್ಯಯನ ಮಾಡಿದಾಗ ಕಂಡದ್ದು: ಮೊದಲ ವರ್ಷ ಕುಸಿತ, ನಂತರದ ವರ್ಷಗಳಲ್ಲಿ ಚೇತರಿಕೆ, ಎಷ್ಟೋ ಮಕ್ಕಳು ಮೊದಲಿಗಿಂತ ಮುಂದೆ. ಮೊದಲಿಗಿಂತ ಒಳ್ಳೆಯ ಶಾಲೆಗೆ ಸೇರಿದ್ದೇ ಅದಕ್ಕೆ ಒಂದು ಕಾರಣ ಎನ್ನಲಾಗಿದೆ.

ದುಡ್ಡಿನ ಮಾತು ಚಿಕ್ಕದಾಗಿ. 2019ರಲ್ಲಿ ಸರ್ಕಾರ ತುರ್ತು ಪರಿಹಾರವಾಗಿ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಈ ಹಣ ಮನೆಗೇ ಸಾಲದು, ಓದಿಗೆ ಬೇರೆ ದಾರಿ ನೋಡಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿ ನೆರವಿನ ವಿದ್ಯಾಸಿರಿ ಇದೆ. ಎರಡಕ್ಕೂ ಮಗುವಿನ ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿರಬೇಕು. ಅರ್ಜಿಯ ಕೊನೆಯ ದಿನಾಂಕ ಎಷ್ಟೋ ಸಲ ಮಳೆಗಾಲದ ಹತ್ತಿರವೇ ಬರುವುದರಿಂದ ಬ್ಯಾಂಕಿನ ಕೆಲಸವನ್ನು ಜೂನ್‌ನಲ್ಲೇ ಮುಗಿಸಿಡಿ.

ಕೊನೆಯದಾಗಿ, ಗದಗ ಜಿಲ್ಲೆಗೆ ನೆರೆಗಿಂತ ಹೆಚ್ಚು ಸಲ ಬರುವ ಆಪತ್ತು ಬರ. ಮುಂಗಾರು ಕೈಕೊಟ್ಟ ವರ್ಷ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವ ಮನೆಗಳ ಮಕ್ಕಳೂ ಇದೇ ಹಾಸ್ಟೆಲ್‌ಗಳಲ್ಲಿದ್ದಾರೆ. ರಜೆ ಬಿಟ್ಟಾಗ ಅವರು ಹೋಗಬೇಕಾದ ಮನೆಗೆ ಬೀಗ. ನೆರೆಯಲ್ಲಿ ಮನೆ ಕಳೆದುಕೊಂಡವರ ಮಕ್ಕಳಿಗೂ ಈ ಸಮಸ್ಯೆ ಬಂದೇ ಬರುತ್ತದೆ. ಈ ಜಿಲ್ಲೆಯಲ್ಲಿ ಅದಕ್ಕೆ ಹಳೆಯ ಉತ್ತರಗಳಿವೆ. ಮಠಗಳ ಪ್ರಸಾದ ನಿಲಯಗಳಿವೆ, ಅಂಧ ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಇದೆ. ರಜೆಯ ದಿನಗಳಿಗೆ ಜಾಗ ಬೇಕೆಂದು ವಾರ್ಡನ್ ಮೂಲಕ ಒಂದು ತಿಂಗಳು ಮೊದಲೇ ಕೇಳಿ. ಹಾಸ್ಟೆಲ್ ಅರ್ಜಿಯಲ್ಲಿ ಸ್ಥಳೀಯ ಪಾಲಕರ ಹೆಸರಿಗೆಂದು ಒಂದು ಕಾಲಂ ಇರುತ್ತದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ ಅಥವಾ ಮತ್ತೆ ಅಪ್ಪನ ಹೆಸರನ್ನೇ ಬರೆಯುತ್ತಾರೆ. ಅಲ್ಲಿ ಹೊಳೆದಂಡೆಯಿಂದ ದೂರ ಇರುವ, ಗುಳೆ ಹೋಗದ ಸೋದರಮಾವನದೋ ಚಿಕ್ಕವ್ವನದೋ ಹೆಸರು, ಫೋನ್ ನಂಬರ್ ಬರೆಯಿರಿ. ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿರಿ.